ಹೊಲವೂ ಹೊತ್ತಗೆಯೂ

ಬೆಳೆಯುವವನು ಬೇರೆ, ಬರೆಯುವವನು ಬೇರೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ನೇಗಿಲು ಹಿಡಿದ ಕೈಗೆ ಲೇಖನಿಯ ಹಂಗೇಕೆ ಎಂದು ರೈತನು ಕೇಳುತ್ತಾನೆ. ಲೇಖನಿ ಹಿಡಿದ ಕೈಗೆ ಮಣ್ಣಿನ ಗೊಡವೆಯೇಕೆ ಎಂದು ಓದಿದವನು ಕೇಳುತ್ತಾನೆ. ಈ ಎರಡು ಪ್ರಶ್ನೆಗಳ ನಡುವೆ ನಾಡಿನ ಒಂದು ದೊಡ್ಡ ಸಂಪತ್ತು ಸದ್ದಿಲ್ಲದೆ ಕರಗಿಹೋಗುತ್ತಿದೆ. ಗಿಡಮರಗಳನ್ನು ಕುರಿತು ನಮ್ಮ ಜನರಿಗಿರುವ ತಿಳಿವಳಿಕೆಯೇ ಆ ಸಂಪತ್ತು. ಅನುಭವಿಯಾದ ರೈತನೊಬ್ಬನು ತೀರಿಕೊಂಡಾಗ ಅವನ ಹೊಲ ಮಕ್ಕಳ ಹೆಸರಿಗೆ ದಾಖಲಾಗುತ್ತದೆ. ಅವನ ತಿಳಿವಳಿಕೆ ಯಾರ ಹೆಸರಿಗೂ ದಾಖಲಾಗುವುದಿಲ್ಲ. ಅದನ್ನು ಬರೆದಿಡುವುದು ಸಾಹಿತ್ಯದ ಕೆಲಸ, ಅದೂ ಕನ್ನಡದಲ್ಲಿಯೇ ಆಗಬೇಕಾದ ಕೆಲಸ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರವಾಗಿ ಒಬ್ಬ ವ್ಯಕ್ತಿಯ ಬಾಳನ್ನೂ ಒಂದು ಸೀಮೆಯ ಬೆಳೆಯನ್ನೂ ನಿಮ್ಮ ಮುಂದಿಡುತ್ತೇನೆ. ವ್ಯಕ್ತಿ ಡಾ. ಬಿ. ಜಿ. ಎಲ್. ಸ್ವಾಮಿ, ಸೀಮೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳದು.

ಹೊಲ, ತೋಟ, ಗಿಡಮರಗಳನ್ನು ಕುರಿತು ಬರೆಯುವುದು ಹೊರದೇಶಗಳಲ್ಲಿ ಗೌರವದ ವೃತ್ತಿಯೆನಿಸಿದೆ. ಇಂಗ್ಲೆಂಡು, ಕೆನಡ ಮೊದಲಾದ ದೇಶಗಳ ವೃತ್ತಪತ್ರಿಕೆಗಳಲ್ಲಿ ತೋಟಗಾರಿಕೆಯ ಅಂಕಣಗಳಿಗೆ ತಮ್ಮದೇ ಆದ ಸ್ಥಾನವುಂಟು. ಅದೊಂದನ್ನೇ ಬಾಳಿನ ಕಾಯಕವಾಗಿ ಮಾಡಿಕೊಂಡ ಲೇಖಕರೂ ಉಂಟು. ಇದು ಹೊರಗಿನವರ ಹವ್ಯಾಸವೆಂದು ನಮಗೆ ತೋರಬಹುದು. ವಾಸ್ತವವಾಗಿ ಕನ್ನಡದಲ್ಲಿ ಈ ಪರಂಪರೆ ಸಾವಿರ ವರ್ಷಗಳಷ್ಟು ಹಳೆಯದು. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿದನು. ನೆಲದಡಿಯ ನೀರನ್ನು ಗುರುತಿಸುವ ಬಗೆ, ಮರಗಳನ್ನು ಬೆಳೆಸುವ ಬಗೆ, ಅವುಗಳ ಆರೈಕೆ, ಅಡುಗೆ, ಸುಗಂಧದ್ರವ್ಯ ಎಂದು ಜನರ ದಿನದಿನದ ಬಾಳಿಗೆ ಬೇಕಾದ ವಿದ್ಯೆಗಳನ್ನೆಲ್ಲ ಆತನು ಕನ್ನಡದಲ್ಲಿ ಹೇಳಿದನು. ಗ್ರಂಥದ ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ.

ಹಾವೇರಿಯ ಸಿದ್ಧೇಶ್ವರ ಗುಡಿ, ತುಂಗಭದ್ರೆಯ ದಡದ ಗಳಗನಾಥದ ಗುಡಿ ಅದೇ ಚಾಲುಕ್ಯರ ಕಾಲದ ವೈಭವವನ್ನು ಇಂದಿಗೂ ತೋರುತ್ತಿವೆ. ಆ ಕಾಲದ ಶಾಸನಗಳಲ್ಲಿ ದೇವಾಲಯಗಳಿಗೆ ಗದ್ದೆ ಬೆದ್ದಲುಗಳೊಡನೆ ಹೂದೋಟವನ್ನೂ ದತ್ತಿಯಾಗಿ ಬಿಟ್ಟ ಸಂಗತಿ ಮತ್ತೆ ಮತ್ತೆ ಬರುತ್ತದೆ. ಈ ಸೀಮೆಯ ಕವಿಗಳೂ ಬೆಳೆಯನ್ನು ಮರೆತವರಲ್ಲ. ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯನ್ನು ತಮ್ಮ ಅಂಕಿತದಲ್ಲಿ ಅಮರಗೊಳಿಸಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ವಾದ ಹೂಡಿಸಿ, ಬಡವರ ಧಾನ್ಯವಾದ ರಾಗಿಗೆ ಶ್ರೀರಾಮನ ಮನ್ನಣೆಯನ್ನು ದೊರಕಿಸಿದರು. ಇದೇ ಜಿಲ್ಲೆಯ ನೆಲದವನೆಂದು ಪ್ರಸಿದ್ಧನಾದ ಸರ್ವಜ್ಞನು ಬೇಸಾಯದ ವಿದ್ಯೆಯನ್ನು ಉಳಿದೆಲ್ಲ ವಿದ್ಯೆಗಳಿಗಿಂತ ಮಿಗಿಲೆಂದು ಎಣಿಸಿದನು. ಹೀಗೆ ಹೊಲವು ಕಾವ್ಯಕ್ಕೆ ವಸ್ತುವಾಗುವುದು ಇಲ್ಲಿ ಸಹಜವಾಗಿತ್ತು.

ಈ ಸರಣಿ ನಡುವೆ ಕಡಿದುಹೋಯಿತು. ಆಧುನಿಕ ಸಸ್ಯವಿಜ್ಞಾನ ನಮ್ಮ ನಾಡಿಗೆ ಇಂಗ್ಲಿಷಿನ ಮೂಲಕ ಬಂದಿತು. ಗಿಡಗಳಿಗೆ ಲ್ಯಾಟಿನ್ ಹೆಸರುಗಳು ಬಂದುವು. ಅವುಗಳ ರಚನೆ, ರೋಗ, ತಳಿಗಳ ವಿವರಗಳು ವಿಶ್ವವಿದ್ಯಾನಿಲಯದ ಗ್ರಂಥಾಲಯಗಳಲ್ಲಿ ಸೇರಿಕೊಂಡುವು. ವಿಜ್ಞಾನವು ಬೆಳೆಯಿತು, ನಿಜ. ಆದರೆ ಆ ಗಿಡಗಳ ನಡುವೆಯೇ ಹುಟ್ಟಿ ಬೆಳೆದವನಿಗೆ ಅದು ಕನ್ನಡದಲ್ಲಿ ಎಟುಕಲಿಲ್ಲ. ಕಡಿದ ಈ ಸರಣಿಯನ್ನು ಮರಳಿ ಕೂಡಿಸಿದವರಲ್ಲಿ ಸ್ವಾಮಿಯವರು ಅಗ್ರಗಣ್ಯರು.

ಸ್ವಾಮಿಯವರು 'ಮಂಕುತಿಮ್ಮನ ಕಗ್ಗ'ದ ಕರ್ತೃ ಡಿ. ವಿ. ಗುಂಡಪ್ಪನವರ ಮಗ. ತಂದೆ ಸಾಹಿತಿಯಾದರೆ ಮಗನು ವಿಜ್ಞಾನವನ್ನು ಆರಿಸಿಕೊಂಡನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿಯನ್ನು ಪಡೆದು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯೊಡನೆ ಅವರು ಸಂಶೋಧನೆ ನಡೆಸಿದರು. ಹೂವಿನೊಳಗೆ ಬೀಜವು ಹೇಗೆ ರೂಪುಗೊಳ್ಳುತ್ತದೆ ಎಂಬ ಭ್ರೂಣವಿಜ್ಞಾನ, ಕಾಂಡದ ಒಳರಚನೆಯನ್ನು ಬಗೆದು ನೋಡುವ ಅಂಗರಚನಾಶಾಸ್ತ್ರ ಅವರ ಕ್ಷೇತ್ರಗಳು. ಸೀತೆದಂಡೆಯೇ ಮೊದಲಾದ ಆರ್ಕಿಡ್ ಜಾತಿಯ ಗಿಡಗಳ ಮೇಲಿನ ಅವರ ಅಧ್ಯಯನ ವಿದ್ವಾಂಸರ ಮೆಚ್ಚುಗೆ ಪಡೆಯಿತು. ಹೂಬಿಡುವ ಸಸ್ಯಗಳ ಮರದಲ್ಲಿ ನೀರನ್ನು ಮೇಲೇರಿಸುವ ನಾಳಗಳಿರುವುದು ವಾಡಿಕೆ. ಸಾರ್ಕಾಂಡ್ರ ಎಂಬ ಕುಲದಲ್ಲಿ ಅಂಥ ನಾಳಗಳಿಲ್ಲವೆಂಬ ತಮ್ಮ ನಿರ್ಣಯವನ್ನು ಸ್ವಾಮಿ ಮತ್ತು ಬೈಲಿಯವರು 1950ರಲ್ಲಿ ಪ್ರಕಟಿಸಿದರು. ಅದೇ ಕುಲದ ಒಂದು ಜಾತಿಗೆ ಸ್ವಾಮಿಯವರು ತಮ್ಮ ಗುರುವಿನ ಹೆಸರನ್ನೇ ಇಟ್ಟರು.

ಆ ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಕೊನೆಗೆ ಪ್ರಾಂಶುಪಾಲರಾಗಿ, ಸುಮಾರು ಎರಡು ದಶಕಗಳನ್ನು ಅವರು ಕಳೆದರು. ಇಷ್ಟನ್ನೇ ಮಾಡಿದ್ದರೂ ಅವರ ಬಾಳು ಸಾರ್ಥಕವೆನಿಸುತ್ತಿತ್ತು. ಕನ್ನಡಕ್ಕೆ ಮಾತ್ರ ಅವರ ಹೆಸರು ತಿಳಿಯುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತ ಕಣ್ಣು ಕನ್ನಡದ ಪುಟದ ಮೇಲೂ ಹೊರಳಿದುದು ನಮ್ಮ ಭಾಗ್ಯ.

'ಹಸುರು ಹೊನ್ನು' ಅವರ ಅತ್ಯಂತ ಜನಪ್ರಿಯ ಕೃತಿ. ವಿದ್ಯಾರ್ಥಿಗಳ ತಂಡವನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಗಿಡ ಹುಡುಕುತ್ತ ಅಲೆದ ಅನುಭವಗಳ ಕಥನವದು. ಗಿಡದ ಲಕ್ಷಣ, ಅದಕ್ಕೆ ಜನರು ಇಟ್ಟ ಹೆಸರು, ಹಳೆಯ ಕಾವ್ಯಗಳಲ್ಲಿ ಅದು ಕಾಣಿಸಿಕೊಂಡ ಬಗೆ, ಔಷಧದಲ್ಲಿ ಅದರ ಉಪಯೋಗ, ನಡುನಡುವೆ ಶಿಷ್ಯರ ತುಂಟತನ, ಪ್ರಯಾಣದ ಫಜೀತಿ ಇವೆಲ್ಲ ಅಲ್ಲಿ ಒಂದೇ ಬಳ್ಳಿಯಲ್ಲಿ ಹೆಣೆದುಕೊಂಡಿವೆ. ಪುಸ್ತಕದ ಚಿತ್ರಗಳನ್ನೂ ಅವರೇ ಬರೆದರು. ಗಿಡವೊಂದನ್ನು ಬರಿದೆ ನೋಡುವುದಕ್ಕೂ ಅದರ ಚಿತ್ರ ಬರೆಯುವಷ್ಟು ನೋಡುವುದಕ್ಕೂ ಎಷ್ಟು ಅಂತರವಿದೆ ಎಂಬುದು ಒಮ್ಮೆ ಎಲೆಯೊಂದನ್ನು ಎದುರಿಗಿಟ್ಟುಕೊಂಡು ಗೆರೆ ಎಳೆದವರಿಗೆ ತಿಳಿಯುತ್ತದೆ. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹನ್ನೊಂದು ವರ್ಷಗಳ ಹಿಂದೆ, 1967ರಲ್ಲಿ, ಅದೇ ಪ್ರಶಸ್ತಿ ಭಗವದ್ಗೀತೆಯ ತಾತ್ಪರ್ಯವನ್ನು ಬರೆದ ತಂದೆಗೆ ಬಂದಿತ್ತು. ಗೀತೆಯ ವ್ಯಾಖ್ಯಾನಕ್ಕೆ ಸಂದ ಮನ್ನಣೆಯೇ ಗಿಡಬಳ್ಳಿಗಳ ಕಥನಕ್ಕೂ ಸಂದಿತೆಂಬುದನ್ನು ನಾವು ಗಮನಿಸಬೇಕು. ಸಸ್ಯವನ್ನು ಕುರಿತ ಬರಹ ಸಾಹಿತ್ಯವೇ ಎಂಬ ಪ್ರಶ್ನೆಗೆ ಅಂದೇ ಉತ್ತರ ದೊರೆಯಿತು.

1980ರಲ್ಲಿ ಸ್ವಾಮಿಯವರು ತೀರಿಕೊಂಡರು. ಅಷ್ಟರಲ್ಲಿ ಅವರು ಕಾಲೇಜು ಬದುಕಿನ ವಿನೋದವನ್ನೂ ಸಂಶೋಧನೆಯ ಫಲವನ್ನೂ ಹಲವು ಪುಸ್ತಕಗಳಲ್ಲಿ ತುಂಬಿದ್ದರು. ಅವುಗಳಲ್ಲಿ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬುದು ನಮ್ಮ ಇಂದಿನ ವಿಷಯಕ್ಕೆ ತೀರ ಹತ್ತಿರವಾದುದು. ನಾವು ದಿನವೂ ಉಣ್ಣುವ ಎಷ್ಟೋ ಪದಾರ್ಥಗಳು ಕೆಲವೇ ಶತಮಾನಗಳ ಹಿಂದೆ ಸಾಗರದಾಚೆಯಿಂದ ಬಂದವು ಎಂಬ ಸಂಗತಿಯನ್ನು ಆ ಪುಸ್ತಕ ರಸವತ್ತಾಗಿ ತಿಳಿಸುತ್ತದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ನೆಲಗಡಲೆ, ಸೀಬೆ ಇವೆಲ್ಲ ಅಮೆರಿಕ ಖಂಡಗಳ ಕೊಡುಗೆ.

ಈ ಮಾತನ್ನು ಬ್ಯಾಡಗಿಯಲ್ಲಿ ನಿಂತು ಹೇಳಿದರೆ ಕೇಳಿದವರು ನಕ್ಕಾರು. ಬ್ಯಾಡಗಿಯೆಂದರೆ ಮೆಣಸಿನಕಾಯಿ, ಮೆಣಸಿನಕಾಯಿಯೆಂದರೆ ಬ್ಯಾಡಗಿ ಎಂಬಷ್ಟು ಅವೆರಡರ ನಂಟು ಗಾಢವಾಗಿದೆ. ಆದರೂ ಮಾತು ನಿಜ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಗಿಡವನ್ನು ನಮ್ಮ ಕರಾವಳಿಗೆ ತಂದರು. ಅದಕ್ಕೆ ಮುಂಚೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಮಲೆನಾಡಿನ ಬಳ್ಳಿಯ ಕರಿಮೆಣಸು. ಹೊಸದಾಗಿ ಬಂದ ಕಾಯಿಗೂ ಜನರು ಹಳೆಯ ಪರಿಚಿತನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಪರದೇಶದ ಗಿಡವನ್ನು ನಮ್ಮ ನುಡಿ ಹೀಗೆ ಮನೆಯವನನ್ನಾಗಿ ಮಾಡಿಕೊಂಡಿತು.

ನುಡಿಯು ಹೆಸರನ್ನು ಕೊಟ್ಟರೆ ನೆಲವೂ ರೈತನ ಕೈಯೂ ಗುಣವನ್ನು ಕೊಟ್ಟುವು. ಬ್ಯಾಡಗಿ ಕಾಯಿಯ ಬಣ್ಣ ಕಡುಗೆಂಪು, ಖಾರ ಕಡಿಮೆ, ಒಣಗಿದ ಮೇಲೆ ಮೈಯೆಲ್ಲ ಸುಕ್ಕು. ಅದರಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆಗಳುಂಟು. ಡಬ್ಬಿ ಗಿಡ್ಡವಾಗಿ ಉಬ್ಬಿಕೊಂಡಿರುತ್ತದೆ. ಕಡ್ಡಿ ಉದ್ದವಾಗಿ ಸಣ್ಣಗಿರುತ್ತದೆ. ಅದರ ಬಣ್ಣವನ್ನು ಸತ್ತ್ವರೂಪದಲ್ಲಿ ಹಿಂಡಿ ತೆಗೆದು ಆಹಾರಪದಾರ್ಥಗಳಿಗೂ ಸೌಂದರ್ಯಸಾಧನಗಳಿಗೂ ಬಳಸುತ್ತಾರೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯನ್ನು ಕಂಡವರಿಗೆ ಚೀಲಗಳ ಸಾಲು, ಗಾಳಿಯಲ್ಲಿ ತೇಲುವ ಘಾಟು, ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಬಣ್ಣ, ತೇವ, ತೊಗಟೆಗಳನ್ನು ಕ್ಷಣದಲ್ಲಿ ಅಳೆಯುವ ಕೈಗಳು ಮರೆಯುವಂತಿಲ್ಲ.

ಆ ಕೈಗಳ ವಿದ್ಯೆಯನ್ನು ಬರೆದಿಟ್ಟವರು ಯಾರು? ಎರೆ ಹೊಲದ ಕಾಯಿಗೂ ಮಸಾರಿ ಹೊಲದ ಕಾಯಿಗೂ ಇರುವ ಅಂತರವೇನು? ಮೆಣಸಿನ ನಡುವೆ ಉಳ್ಳಾಗಡ್ಡಿಯನ್ನೂ ಹತ್ತಿಯನ್ನೂ ಸೇರಿಸಿ ಬೆಳೆಯುತ್ತಿದ್ದ ಹಿರಿಯರ ಲೆಕ್ಕಾಚಾರವೇನು? ಎಲೆ ಮುರುಟುವ ರೋಗ ಹೊಲಕ್ಕೆ ಕಾಲಿಡುವ ಮುನ್ನ ಗಿಡ ಯಾವ ಸುಳಿವು ಕೊಡುತ್ತದೆ? ಬೀಜಕ್ಕೆಂದು ಕಾಯಿಯನ್ನು ಆರಿಸುವಾಗ ಮನೆಯ ಹಿರಿಯಳ ಕಣ್ಣು ಏನನ್ನು ಹುಡುಕುತ್ತದೆ? ಇವುಗಳಲ್ಲಿ ಕೆಲವಕ್ಕೆ ಸಂಶೋಧನಾ ಕೇಂದ್ರಗಳ ವರದಿಗಳಲ್ಲಿ ಉತ್ತರವಿದ್ದೀತು. ಉಳಿದವು ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಇಂದು ಬ್ಯಾಡಗಿಯ ಮಾರುಕಟ್ಟೆಗೆ ಬರುವ ಕಾಯಿಯ ದೊಡ್ಡ ಪಾಲು ಬಳ್ಳಾರಿ, ರಾಯಚೂರು, ಆಂಧ್ರಪ್ರದೇಶಗಳಿಂದ ಬರುತ್ತದೆ. ಸುತ್ತಲಿನ ಎಷ್ಟೋ ಹೊಲಗಳಲ್ಲಿ ಮೆಕ್ಕೆಜೋಳವೂ ಹತ್ತಿಯೂ ನೆಲೆಯೂರಿವೆ. ಬೆಳೆ ಹೊಲವನ್ನು ಬಿಟ್ಟ ಮೇಲೆ ಅದರ ತಿಳಿವಳಿಕೆ ಮನೆಯಲ್ಲಿ ಎಷ್ಟು ದಿನ ಉಳಿದೀತು?

ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಬಂದರೆ ಇದೇ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. ರಾಣೇಬೆನ್ನೂರಿನ ಸುತ್ತಣ ಹಳ್ಳಿಗಳು ಹತ್ತಿಯ ಮತ್ತು ತರಕಾರಿಗಳ ಸಂಕರಣ ಬೀಜೋತ್ಪಾದನೆಗೆ ಹೆಸರಾಗಿವೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ 'ವರಲಕ್ಷ್ಮಿ' ಎಂಬ ಸಂಕರಣ ಹತ್ತಿಯನ್ನು ನಾಡಿಗೆ ನೀಡಿದರು. ಇಂಥ ತಳಿಯ ಬೀಜ ತನ್ನಷ್ಟಕ್ಕೆ ತಾನೇ ಆಗುವುದಿಲ್ಲ. ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಬೇಕು. ಉಗುರಿನಿಂದ ಅದರ ದಳಗಳನ್ನೂ ಕೇಸರಗಳನ್ನೂ ಶಲಾಕೆಗೆ ನೋವಾಗದಂತೆ ಬಿಡಿಸಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವನ್ನು ತಂದು ಪರಾಗವನ್ನು ಸವರಬೇಕು. ಗುರುತಿಗೆ ದಾರ ಕಟ್ಟಬೇಕು. ಜನರು ಇದನ್ನು 'ಕ್ರಾಸಿಂಗ್' ಎನ್ನುತ್ತಾರೆ. ಇದನ್ನು ಮಾಡುವವರಲ್ಲಿ ಬಹುಮಂದಿ ಹೆಣ್ಣುಮಕ್ಕಳು.

ಸ್ವಾಮಿಯವರು ಸೂಕ್ಷ್ಮದರ್ಶಕದಲ್ಲಿ ನೋಡಿದ ವಿಷಯ ಯಾವುದು? ಪರಾಗವು ಶಲಾಕೆಯನ್ನು ಮುಟ್ಟಿದ ಬಳಿಕ ಹೂವಿನೊಳಗೆ ಬೀಜವು ಮೂಡುವ ಬಗೆ. ರಾಣೇಬೆನ್ನೂರಿನ ಹೊಲದಲ್ಲಿ ಕೂಲಿಯ ಹೆಣ್ಣುಮಗಳು ಬೆರಳ ತುದಿಯಿಂದ ನಡೆಸುವ ಕಾರ್ಯ ಯಾವುದು? ಅದೇ ಕಥೆಯ ಮೊದಲ ಅಧ್ಯಾಯ. ಒಬ್ಬರ ವಿದ್ಯೆ ಪುಸ್ತಕವಾಯಿತು, ಮತ್ತೊಬ್ಬರ ವಿದ್ಯೆ ದಿನಗೂಲಿಯಾಗಿಯೇ ಉಳಿಯಿತು. ದಿನವೊಂದಕ್ಕೆ ನೂರಾರು ಹೂಗಳನ್ನು ಮುಟ್ಟುವ ಆ ಬೆರಳುಗಳಿಗೆ ಹೂವಿನ ವೇಳೆ, ಹವೆಯ ಹದ, ಕಾಯಿ ನಿಲ್ಲುವ ಮತ್ತು ಉದುರುವ ಗುಟ್ಟು ತಿಳಿದಿರದೆ? ಆ ಹೆಣ್ಣುಮಗಳು ತಾನು ಕಂಡುದನ್ನು ಕನ್ನಡದಲ್ಲಿ ಬರೆಯುವಂತಾದರೆ, ಇಲ್ಲವೆ ಅವಳ ಮಗಳು ಅದನ್ನು ಕೇಳಿ ಬರೆಯುವಂತಾದರೆ, ಅದು ಯಾವ ಪಂಡಿತನ ಗ್ರಂಥಕ್ಕೂ ಕಡಿಮೆಯಾಗದು.

ಇನ್ನು ಹಾವೇರಿ. ಅದನ್ನು ಏಲಕ್ಕಿಯ ಕಂಪಿನ ನಾಡೆಂದು ಕರೆಯುತ್ತಾರೆ. ಆದರೆ ಹಾವೇರಿಯ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಘಟ್ಟದ ನೆರಳಿನಲ್ಲಿ ಬೆಳೆದ ಏಲಕ್ಕಿ ವ್ಯಾಪಾರದ ಹಾದಿ ಹಿಡಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿನ ಕುಶಲಿಗಳು ಅದನ್ನು ಹಾರವಾಗಿ ಪೋಣಿಸಿ ಗಣ್ಯರ ಕೊರಳಿಗೆ ಏರಿಸಿದರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರವೇರಿತು. ಸಾಹಿತ್ಯಕ್ಕೆ ಅಂಥ ಗೌರವ ಸಲ್ಲಿಸಿದ ಊರಿನಲ್ಲಿ ಗಿಡಮರಗಳ ಸಾಹಿತ್ಯಕ್ಕೂ ಒಂದು ಮಣೆ ದೊರೆಯಬೇಕೆಂಬ ಆಸೆ ತಪ್ಪಲ್ಲ.

ನನ್ನ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ರೈತನಿಗೆ ಬೇಕಾದುದು ಮಳೆ ಮತ್ತು ಬೆಲೆ. ಪ್ರಬಂಧವನ್ನು ಕಟ್ಟಿಕೊಂಡು ಅವನೇನು ಮಾಡಿಯಾನು ಎಂಬುದು ಮೊದಲನೆಯದು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಳೆಗಾರರ ಸಿಟ್ಟು ಕಟ್ಟೆಯೊಡೆದು ವಾಹನಗಳು ಬೆಂಕಿಗೆ ಆಹುತಿಯಾದುವು. ಹಸಿದವನಿಗೆ ಪುಸ್ತಕ ಅನ್ನವಾಗದು. ನ್ಯಾಯವಾದ ಬೆಲೆಯನ್ನು ದೊರಕಿಸುವುದು ಬೇರೆಯೇ ಹೋರಾಟ. ಆದರೂ ಬರಹಕ್ಕೂ ಬೆಲೆಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕುವುದು ಯಾವುದರಿಂದ? ಆ ಪದಾರ್ಥದ ಲಕ್ಷಣವೇನು, ಯಾವ ನೆಲದ್ದು, ಎಂದಿನಿಂದ ಬೆಳೆದುಬಂದುದು ಎಂಬ ಲಿಖಿತ ವಿವರದಿಂದ. ಬೇರೆ ಕಾಯಿಯನ್ನು ಬ್ಯಾಡಗಿಯೆಂದು ಮಾರುವವನೆದುರು ಸಾಕ್ಷಿಯಾಗಿ ನಿಲ್ಲುವುದು ಬರೆದ ಅಕ್ಷರವೇ. ಬಾಯಿಮಾತಿನ ಹೆಮ್ಮೆ ಸಂತೆಯಲ್ಲಿ ನಡೆದೀತು, ಕಾನೂನಿನ ಮುಂದೆ ನಡೆಯದು.

ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಲು ಆಗದು ಎಂಬುದು ಎರಡನೆಯ ಆಕ್ಷೇಪ. ಹಾರ್ವರ್ಡಿನಲ್ಲಿ ದುಡಿದು ಬಂದ ಸ್ವಾಮಿಯವರು ಕನ್ನಡದಲ್ಲಿ ಬರೆದರು. ಓದುಗರು ನಕ್ಕು, ಬೆರಗಾಗಿ, ಮತ್ತೆ ಓದಿದರು. ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಬರೆಯಲು ಪಾಂಡಿತ್ಯ ಬೇಕು, ರೈತನಿಂದ ಅದು ಆಗದು ಎನ್ನುವವರೂ ಉಂಟು. ಅವರು ದಕ್ಷಿಣ ಕನ್ನಡದ ಪುತ್ತೂರಿನ ಕಡೆ ನೋಡಲಿ. ಅಡಕೆ ಬೆಳೆಗಾರರು ಅಲ್ಲಿಂದ 1988ರಲ್ಲಿ 'ಅಡಿಕೆ ಪತ್ರಿಕೆ'ಯನ್ನು ಹೊರತಂದರು. ಕೃಷಿಕರ ಕೈಗೆ ಲೇಖನಿ ಎಂಬುದು ಅದರ ಸಂಕಲ್ಪ. ಕಾಸರಗೋಡು ಜಿಲ್ಲೆಯ ಕನ್ನಡಿಗರಾದ ಶ್ರೀಪಡ್ರೆಯವರು ಆ ಪತ್ರಿಕೆಯ ಮೂಲಕ ರೈತರಿಂದಲೇ ರೈತರಿಗಾಗಿ ಬರೆಯಿಸಿದರು. ಮಳೆನೀರನ್ನು ಹಿಡಿದಿಡುವ ವಿಚಾರವನ್ನು ನಾಡಿಗೆಲ್ಲ ಹರಡಿದರು. ಅಡಕೆಯ ನಾಡಿನಲ್ಲಿ ಆದುದು ಮೆಣಸಿನ ನಾಡಿನಲ್ಲಿ ಏಕಾಗಬಾರದು?

ಮೂರನೆಯ ಆಕ್ಷೇಪ ಈ ಕಾಲದ್ದು. ಅಂಗೈಯಲ್ಲಿ ಮೊಬೈಲ್ ಫೋನು ಇರುವಾಗ ಯಾವ ರೋಗಕ್ಕೆ ಯಾವ ಔಷಧವೆಂದು ಅದೇ ಹೇಳುತ್ತದೆ, ಬರೆಯುವ ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಫೋನು ಹೇಳುವುದು ಯಾರೋ ಎಲ್ಲಿಯೋ ಕಂಡು ಹೇಳಿದುದನ್ನು. ಮೋಟೆಬೆನ್ನೂರಿನ ಹೊಲದಲ್ಲಿ ಈ ವರ್ಷ ಆರಿದ್ರಾ ಮಳೆ ಕೈಕೊಟ್ಟಾಗ ಸಸಿ ಹೇಗೆ ನಡೆದುಕೊಂಡಿತು ಎಂಬುದನ್ನು ಅಲ್ಲಿಯವರು ಕಂಡು ಹೇಳದೆ ಯಾವ ಯಂತ್ರವೂ ಹೇಳಲಾರದು. ಮೊದಲು ಕಾಣಬೇಕು, ಕಂಡುದನ್ನು ವರ್ಷ ವರ್ಷವೂ ಒಂದೆಡೆ ಬರೆದಿಡಬೇಕು, ಹತ್ತು ವರ್ಷಗಳ ಬರಹವನ್ನು ಹೋಲಿಸಿದಾಗ ಹೊಲದ ನಡೆ ತಿಳಿಯುತ್ತದೆ. ಆ ಬಳಿಕ ಅದು ಕಾಗದದಲ್ಲಿರಲಿ, ಫೋನಿನಲ್ಲಿರಲಿ, ಅಷ್ಟು ವ್ಯತ್ಯಾಸವಿಲ್ಲ.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ನಿಮ್ಮಷ್ಟು ಅನುಕೂಲವುಳ್ಳವರು ಬೇರೆ ಇಲ್ಲ. ನಿಮ್ಮ ಮನೆಯಲ್ಲಿ ಬಲ್ಲವರಿದ್ದಾರೆ; ನಿಮ್ಮ ಕೈಯಲ್ಲಿ ಅಕ್ಷರವಿದೆ. ಈ ಎರಡೂ ಒಂದೇ ಮನೆಯಲ್ಲಿ ಒಂದೇ ಕಾಲಕ್ಕೆ ಕೂಡಿಬಂದಿರುವುದು ನಿಮ್ಮ ತಲೆಮಾರಿನ ಸುಯೋಗ. ನಿಮ್ಮ ಅಜ್ಜನಿಗೆ ಬೆಳೆಯ ವಿದ್ಯೆಯಿತ್ತು, ಅಕ್ಷರ ಇರಲಿಲ್ಲದಿರಬಹುದು. ನಿಮ್ಮ ಮಕ್ಕಳಿಗೆ ಅಕ್ಷರವಿದ್ದೀತು, ಕೇಳೋಣವೆಂದರೆ ಬಲ್ಲ ಹಿರಿಯರು ಇರಲಾರರು. ಒಂದು ಗಿಡವನ್ನು ಆರಿಸಿಕೊಳ್ಳಿ. ಅದು ಮೆಣಸಾಗಲಿ, ಹತ್ತಿಯಾಗಲಿ, ಹಿತ್ತಿಲ ನುಗ್ಗೆಯಾಗಲಿ. ಅದರ ಹೆಸರುಗಳನ್ನು ಕೇಳಿ ಬರೆಯಿರಿ. ಬಿತ್ತಿದ ಮಳೆ, ಮೊಳೆತ ದಿನ, ಹೂವು ಕಂಡ ದಿನ, ತಗುಲಿದ ರೋಗ, ಮಾಡಿದ ಆರೈಕೆ ಇವನ್ನು ಗುರುತು ಹಾಕಿ. ಬಂದಷ್ಟು ಚಿತ್ರ ಬರೆಯಿರಿ. ನಿಮ್ಮೂರಿನ ಮಾತನ್ನೇ ಬಳಸಿರಿ. ತಿಳಿಯದ ದೊಡ್ಡ ಶಬ್ದವನ್ನು ತಂದು ತುರುಕಬೇಡಿರಿ. ಕಾಣದಿದ್ದುದನ್ನು ಕಂಡೆನೆಂದು ಮಾತ್ರ ಬರೆಯಬೇಡಿರಿ; ಅದು ಈ ವಿದ್ಯೆಗೆ ದ್ರೋಹ.

ಹೀಗೆ ಬರೆದವರೆಲ್ಲರೂ ಸ್ವಾಮಿಯವರಂತೆ ಪ್ರಶಸ್ತಿ ಪಡೆಯುವುದಿಲ್ಲ, ಪಡೆಯಬೇಕಾದುದೂ ಇಲ್ಲ. ಚಾವುಂಡರಾಯನು ತನ್ನ ಗ್ರಂಥಕ್ಕೆ ಇಟ್ಟ ಹೆಸರಿನಲ್ಲಿಯೇ ಈ ಕೆಲಸದ ಪ್ರತಿಫಲ ಅಡಗಿದೆ. ಸುಗ್ಗಿ ಮುಗಿದು ಕಣ ಬರಿದಾದ ಮೇಲೂ ಒಳ್ಳೆಯ ರೈತನು ಮುಂದಿನ ವರ್ಷಕ್ಕೆಂದು ಒಂದಿಷ್ಟು ಬೀಜವನ್ನು ತೆಗೆದಿರಿಸುತ್ತಾನೆ. ಎಷ್ಟೇ ಕಷ್ಟ ಬಂದರೂ ಅದನ್ನು ಅವನು ಉಣ್ಣುವುದಿಲ್ಲ, ಮಾರುವುದಿಲ್ಲ. ತಿಳಿವಳಿಕೆಯ ವಿಷಯದಲ್ಲಿಯೂ ನಾವು ಅಷ್ಟೇ ಎಚ್ಚರದಿಂದ ನಡೆದುಕೊಳ್ಳಬೇಕಾಗಿದೆ.